ನಾಯಿಕೆಮ್ಮಿನ ರಕ್ತದ ರಿಪೋರ್ಟಿನಿಂದ ಕೀಮೋಕೈನ್ ರಿಸೆಪ್ಟರ್‌ವರೆಗೆ

ಕೀಮೋಕೈನ್ ಅಂದರೆ ರೋಗನಿರೋಧಕ ಕೋಶಗಳನ್ನು ಬೇಕಾದ ಜಾಗಕ್ಕೆ ಕರೆಯುವ ಪ್ರೋಟೀನ್; ಆ ಕರೆಯನ್ನು ಹಿಡಿಯುವ, ಕೋಶದ ಮೇಲಿನ ಪ್ರೋಟೀನೇ ರಿಸೆಪ್ಟರ್. ಇವುಗಳ ಪಾಠ ಬರುವುದು ಇಂಟರ್‌ಲ್ಯೂಕಿನ್‌ಗಳೆಲ್ಲ (ಕೋಶಗಳ ನಡುವೆ ಸುದ್ದಿ ಒಯ್ಯುವ ಪ್ರೋಟೀನ್‌ಗಳು) ಮುಗಿದ ಮೇಲೆ. ಅಷ್ಟೊತ್ತಿಗೆ ಓದುವವರಿಗೂ ಸುಸ್ತು, ಪಾಠ ಮಾಡುವವರಿಗೂ ಸುಸ್ತು. ಸಿಸಿಆರ್1, ಸಿಸಿಆರ್2, ಸಿಎಕ್ಸ್‌ಸಿಆರ್3 ಎಂಬ ಪಟ್ಟಿ ನನಗಂತೂ ಸಿಟಿ ಬಸ್ಸಿನ ನಂಬರುಗಳ ಹಾಗೆ ಕಾಣುತ್ತಿತ್ತು. ಅದು ತಲೆಗೆ ಹತ್ತಿದ್ದು ನಾಯಿಕೆಮ್ಮಿನ ಕಥೆ ಓದಿದಾಗ. ಅಲ್ಲಿಂದಲೇ ಶುರು ಮಾಡೋಣ.

ಬ್ಯಾಕ್ಟೀರಿಯಾ ಸೋಂಕು ಅಂದರೆ ರಕ್ತದಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಏರಬೇಕು, ಅಲ್ವಾ? ನಾಯಿಕೆಮ್ಮು ಜೋರಾಗಿರುವ ಹಸುಗೂಸಿನಲ್ಲಿ ಏರುವುದು ಇನ್ನೊಂದು ಬಗೆಯ ಬಿಳಿ ರಕ್ತಕಣ, ಲಿಂಫೋಸೈಟ್. ಬಿಳಿ ರಕ್ತಕಣಗಳ ಲೆಕ್ಕ ಕೆಲವೊಮ್ಮೆ ಮೈಕ್ರೋಲೀಟರಿಗೆ 50,000 ದಾಟುತ್ತದೆ. ದೇಹ ಅಷ್ಟೊಂದು ಹೊಸ ಕಣಗಳನ್ನು ತಯಾರಿಸಿತು ಅಂದುಕೊಳ್ಳಬೇಡಿ. ಲಿಂಫೋಸೈಟ್‌ಗಳು ಸದಾ ಓಡಾಡುತ್ತಿರುತ್ತವೆ: ರಕ್ತದಿಂದ ಲಿಂಫ್ ಗ್ರಂಥಿಗೆ ಇಳಿಯುತ್ತವೆ, ಅಲ್ಲಿ ಕೆಲವು ಗಂಟೆ ಅಡ್ಡಾಡಿ ಮತ್ತೆ ರಕ್ತಕ್ಕೆ ಬರುತ್ತವೆ. ನಾಯಿಕೆಮ್ಮಿನ ವಿಷ ಈ ಇಳಿಯುವ ಕೆಲಸವನ್ನೇ ಕೆಡಿಸುತ್ತದೆ. ಇಳಿಯಲಾಗದೆ ಎಲ್ಲವೂ ರಕ್ತದಲ್ಲೇ ಸುತ್ತುತ್ತಿರುತ್ತವೆ. ರಿಪೋರ್ಟಿನಲ್ಲಿ ಕಾಣುವುದು ಆ ಜಾತ್ರೆ.

ವಿಷ ಮುಟ್ಟುವುದು ಏನನ್ನು? ಕೀಮೋಕೈನ್ ರಿಸೆಪ್ಟರ್ ಜೀವಕೋಶದ ಪೊರೆಯಲ್ಲಿ ಏಳು ಸಲ ಒಳಗೆ ಹೊರಗೆ ಹೊಲಿಗೆ ಹಾಕಿದಂತೆ ಕೂತಿರುವ ಪ್ರೋಟೀನ್. ಹೊರಗಿನ ತುದಿ ಕೀಮೋಕೈನನ್ನು ಹಿಡಿಯುತ್ತದೆ, ಒಳಗಿನ ಭಾಗ ಜಿಐ ಎಂಬ ಪ್ರೋಟೀನಿಗೆ ಸುದ್ದಿ ಮುಟ್ಟಿಸುತ್ತದೆ. ವಿಷ ಈ ಜಿಐಗೆ ಎಡಿಪಿ-ರೈಬೋಸ್ ಎಂಬ ತುಂಡನ್ನು ಅಂಟಿಸಿ ಅದನ್ನು ನಿಷ್ಕ್ರಿಯ ಮಾಡುತ್ತದೆ. ಬೆಲ್ ಚೆನ್ನಾಗಿಯೇ ಇದೆ, ಒತ್ತುವವರೂ ಇದ್ದಾರೆ, ವೈರು ಮಾತ್ರ ಕಟ್. ಕೀಮೋಕೈನ್ ರಿಸೆಪ್ಟರ್‌ಗಳೆಲ್ಲ ಹೆಚ್ಚಾಗಿ ಇದೇ ವೈರನ್ನು ನಂಬಿರುವುದರಿಂದ ಒಂದೇ ವಿಷಕ್ಕೆ ಇಷ್ಟು ದೊಡ್ಡ ಪರಿಣಾಮ.

ಹೆಸರುಗಳ ಗೊಂದಲ ಬೇಗ ಮುಗಿಸಿಬಿಡೋಣ. ಕೀಮೋಕೈನ್‌ಗಳು 8ರಿಂದ 10 ಕಿಲೋಡಾಲ್ಟನ್ ತೂಕದ ಪುಟ್ಟ ಪ್ರೋಟೀನ್‌ಗಳು. ಮನುಷ್ಯರಲ್ಲಿ ಸುಮಾರು 50 ಇವೆ, ರಿಸೆಪ್ಟರ್‌ಗಳು ಸುಮಾರು 20. ಅವುಗಳ ಸರಪಳಿಯಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲದ ಮೊದಲ ಎರಡು ಅಕ್ಕಪಕ್ಕ ಇದ್ದರೆ ಸಿಸಿ, ನಡುವೆ ಬೇರೊಂದು ಅಮೈನೋ ಆಮ್ಲ ನುಸುಳಿದ್ದರೆ ಸಿಎಕ್ಸ್‌ಸಿ. ಕೊನೆಯಲ್ಲಿ ಎಲ್ ಬಂದರೆ ಕೀಮೋಕೈನ್, ಆರ್ ಬಂದರೆ ರಿಸೆಪ್ಟರ್. ಇನ್ನೆರಡು ಚಿಕ್ಕ ಗುಂಪುಗಳಿವೆ, ಈಗ ಬಿಡಿ.

ಕಾಲಿಗೆ ಮುಳ್ಳು ಚುಚ್ಚಿತು ಅನ್ನಿ. ಅಲ್ಲಿನ ಕೋಶಗಳು ಸಿಎಕ್ಸ್‌ಸಿಎಲ್8 ಬಿಡುತ್ತವೆ. ಇದು ಹಳೆಯ ಪುಸ್ತಕಗಳಲ್ಲಿ ಇಂಟರ್‌ಲ್ಯೂಕಿನ್-8. ರಕ್ತದಲ್ಲಿ ಕೊಚ್ಚಿಹೋಗದಂತೆ ಅದು ರಕ್ತನಾಳದ ಒಳಗೋಡೆಯ ಹೆಪರಾನ್ ಸಲ್ಫೇಟ್ ಎಂಬ ಸಕ್ಕರೆ ಸರಪಳಿಗೆ ಅಂಟಿಕೊಂಡಿರುತ್ತದೆ. ನ್ಯೂಟ್ರೋಫಿಲ್ ಆ ಗೋಡೆಯ ಮೇಲೆ ಉರುಳುತ್ತಾ ಬರುತ್ತದೆ. ಸಿಎಕ್ಸ್‌ಸಿಆರ್2ಗೆ ಕೀಮೋಕೈನ್ ತಗುಲಿದ್ದೇ ತಡ, ಅದರ ಮೈಮೇಲಿನ ಇಂಟೆಗ್ರಿನ್ ಎಂಬ ಅಂಟು ಪ್ರೋಟೀನ್‌ಗಳು ಗೋಡೆಯನ್ನು ಗಟ್ಟಿಯಾಗಿ ಹಿಡಿಯುತ್ತವೆ. ಉರುಳಾಟ ನಿಲ್ಲುತ್ತದೆ. ಆಮೇಲೆ ಗೋಡೆಯ ಸಂದಿಯಲ್ಲಿ ನುಸುಳಿ, ಕೀಮೋಕೈನ್ ಯಾವ ಕಡೆ ಜಾಸ್ತಿಯೋ ಆ ಕಡೆಗೆ ತೆವಳುತ್ತದೆ. ಒಗ್ಗರಣೆ ವಾಸನೆ ಹಿಡಿದು ಅಡುಗೆಮನೆ ಹುಡುಕುವ ಹಾಗೆ.

ಇನ್ನೂ ಸೊಗಸಾದ ವಿಷಯವೆಂದರೆ ಕೋಶ ತನ್ನ ರಿಸೆಪ್ಟರ್ ಬದಲಿಸಿಕೊಂಡು ಊರು ಬದಲಿಸುವುದು. ಚರ್ಮದಲ್ಲಿ ಕಾವಲು ಕಾಯುವ ಡೆಂಡ್ರೈಟಿಕ್ ಕೋಶ ಸೂಕ್ಷ್ಮಾಣುವನ್ನು ಹಿಡಿದ ಮೇಲೆ ಮೈಮೇಲೆ ಸಿಸಿಆರ್7 ಹೆಚ್ಚಿಸಿಕೊಳ್ಳುತ್ತದೆ. ಲಿಂಫ್ ನಾಳಗಳು ಸುರಿಸುವ ಸಿಸಿಎಲ್21 ಅದನ್ನು ಗ್ರಂಥಿಗೆ ಎಳೆಯುತ್ತದೆ. ಇನ್ನೂ ಶತ್ರುವನ್ನು ಕಾಣದ ಟಿ ಕೋಶದಲ್ಲೂ (ಒಂದು ಬಗೆಯ ಲಿಂಫೋಸೈಟ್) ಅದೇ ಸಿಸಿಆರ್7 ಇದೆ. ಹಾಗಾಗಿ ಇಬ್ಬರೂ ಒಂದೇ ಕಡೆ ಸೇರುತ್ತಾರೆ. ಕೆಲಸ ಕಲಿತ ಟಿ ಕೋಶಗಳಲ್ಲಿ ಹಲವು ಸಿಸಿಆರ್7 ಬಿಟ್ಟು ಬೇರೆಯದನ್ನು ತೊಡುತ್ತವೆ: ಸಣ್ಣ ಕರುಳಿಗೆ ಹೋಗುವವು ಸಿಸಿಆರ್9, ಚರ್ಮಕ್ಕೆ ಹೋಗುವವು ಸಿಸಿಆರ್4 ಮತ್ತು ಸಿಸಿಆರ್10.

ಉರಿಯೂತದ ಕಾಯಿಲೆಗಳಲ್ಲಿ ಈ ಕರೆಯುವ ಕೆಲಸ ನಿಲ್ಲುವುದೇ ಇಲ್ಲ. ಸೋರಿಯಾಸಿಸ್‌ನಲ್ಲಿ ಚರ್ಮದ ಕೋಶ ಸಿಸಿಎಲ್20 ಬಿಡುತ್ತದೆ, ಸಿಸಿಆರ್6 ಇರುವ ಟಿಎಚ್17 ಎಂಬ ಬಗೆಯ ಟಿ ಕೋಶಗಳು ಬರುತ್ತವೆ. ಅವು ಬಿಡುವ ಇಂಟರ್‌ಲ್ಯೂಕಿನ್-17ರಿಂದ ಚರ್ಮ ಇನ್ನಷ್ಟು ಸಿಸಿಎಲ್20 ಬಿಡುತ್ತದೆ. ಅಪಧಮನಿಯ ಗೋಡೆಗೆ ಮಾನೋಸೈಟ್ ಎಂಬ ಬಿಳಿ ರಕ್ತಕಣವನ್ನು ಕರೆಸುವುದು ಸಿಸಿಎಲ್2 ಮತ್ತು ಸಿಸಿಆರ್2 ಜೋಡಿ.

ಹಾಗಾದರೆ ರಿಸೆಪ್ಟರ್ ಮುಚ್ಚಿದರೆ ಕಾಯಿಲೆ ಗುಣವಾಗಬೇಕಲ್ಲ? ಔಷಧ ಕಂಪನಿಗಳೂ ಹಾಗೇ ಅಂದುಕೊಂಡವು. ಸಿಸಿಆರ್5 ಮುಚ್ಚುವ ಮರಾವಿರಾಕ್ 2007ರಲ್ಲಿ ಎಚ್‌ಐವಿಗೆ ಔಷಧವಾಗಿ ಬಂತು, ಏಕೆಂದರೆ ಅನೇಕ ಎಚ್‌ಐವಿ ತಳಿಗಳು ಕೋಶದೊಳಗೆ ಹೋಗುವುದು ಆ ಬಾಗಿಲಿಂದ. ಅದೇ ಮಾತ್ರೆ ರುಮಟಾಯ್ಡ್ ಸಂಧಿವಾತದಲ್ಲಿ ಕೆಲಸ ಮಾಡಲಿಲ್ಲ. ಕೀಲಿಗೆ ಬರುವ ಕೋಶದ ಮೈಮೇಲೆ ಬೇರೆ ರಿಸೆಪ್ಟರ್‌ಗಳೂ ಇವೆ, ಕೀಲಿನಲ್ಲಿ ಬೇರೆ ಕೀಮೋಕೈನ್‌ಗಳೂ ಇವೆ. ವೈರಸ್ಸಿಗೆ ಬೇಕಾದದ್ದು ಒಂದು ಬಾಗಿಲು, ಉರಿಯೂತಕ್ಕೆ ಹತ್ತು ಬಾಗಿಲು. ಪರೀಕ್ಷೆಯಲ್ಲಿ ಈ ಎರಡನ್ನೂ ಪಕ್ಕಪಕ್ಕ ಇಟ್ಟು ಬರೆಯಿರಿ, ಸುಮ್ನೆ ಪಟ್ಟಿ ಕೊಡುವುದಕ್ಕಿಂತ ಚೆನ್ನ.

ಒಂದೇ ರಿಸೆಪ್ಟರಿನ ಕೈ ಜೋರಾಗಿರುವ ಜಾಗವೂ ಇದೆ. ಮೂಳೆಮಜ್ಜೆಯಲ್ಲಿ ಸಿಎಕ್ಸ್‌ಸಿಎಲ್12 ಇರುತ್ತದೆ, ಸಿಎಕ್ಸ್‌ಸಿಆರ್4 ಇರುವ ಕೋಶಗಳನ್ನು ಅದು ಒಳಗೇ ಹಿಡಿದಿಡುತ್ತದೆ. ಈ ರಿಸೆಪ್ಟರನ್ನು ಮುಚ್ಚುವ ಪ್ಲೆರಿಕ್ಸಾಫೋರ್ ಕೊಟ್ಟರೆ ಕಾಂಡಕೋಶಗಳು ರಕ್ತಕ್ಕೆ ಬಂದುಬಿಡುತ್ತವೆ. ಕಸಿಗಾಗಿ ಅವನ್ನು ಸಂಗ್ರಹಿಸಲು 2008ರಿಂದ ಅದನ್ನು ಬಳಸುತ್ತಿದ್ದಾರೆ. ವಿಮ್ ಸಿಂಡ್ರೋಮ್ ಎಂಬ ಅಪರೂಪದ ಆನುವಂಶಿಕ ಕಾಯಿಲೆ ಇದರ ತದ್ವಿರುದ್ಧ: ಸಿಎಕ್ಸ್‌ಸಿಆರ್4 ಜೀನ್ ಕೆಟ್ಟು ರಿಸೆಪ್ಟರ್ ಆಫ್ ಆಗುವುದೇ ಇಲ್ಲ. ಮಜ್ಜೆಯ ತುಂಬಾ ನ್ಯೂಟ್ರೋಫಿಲ್, ರಕ್ತದಲ್ಲಿ ಬರ. ನಾಯಿಕೆಮ್ಮಿನ ಮಗುವಿನಲ್ಲಿ ಕೋಶಗಳು ರಕ್ತದಿಂದ ಹೊರಬರಲಾರವು, ಇಲ್ಲಿ ರಕ್ತಕ್ಕೆ ಬರಲಾರವು. ಎರಡೂ ಕಡೆ ರಿಪೋರ್ಟಿನ ಅಂಕಿ ಹೇಳುತ್ತಿರುವುದು ಕೋಶಗಳು ಎಲ್ಲಿ ಸಿಕ್ಕಿಬಿದ್ದಿವೆ ಎಂಬುದನ್ನು.

ವಿಮ್ ಕಾಯಿಲೆಯ ಮೊದಲ ರೋಗಿಯ ವರದಿ ಬಂದದ್ದು 1964ರಲ್ಲಿ, ಆಗ ಆಕೆ ಬಾಲಕಿ. ದಶಕಗಳ ನಂತರ ಅದೇ ಮಹಿಳೆ ತನ್ನಿಬ್ಬರು ಹೆಣ್ಣುಮಕ್ಕಳ ಜೊತೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಬಂದರು. ಮಕ್ಕಳಿಗೆ ವಿಮ್ ಇತ್ತು, ತಾಯಿಗೆ ಸುಮಾರು 20 ವರ್ಷದಿಂದ ಯಾವ ತೊಂದರೆಯೂ ಇರಲಿಲ್ಲ! ಪರೀಕ್ಷಿಸಿದಾಗ ತಿಳಿದದ್ದು ಇದು: ಆಕೆಯ ಒಂದು ಕಾಂಡಕೋಶದಲ್ಲಿ 2ನೇ ಕ್ರೋಮೋಸೋಮ್‌ನ ಒಂದು ಪ್ರತಿ ಚೂರುಚೂರಾಗಿ ಮತ್ತೆ ಅಡ್ಡಾದಿಡ್ಡಿ ಜೋಡಿಕೊಂಡಿತ್ತು. ಆ ಗಲಾಟೆಯಲ್ಲಿ 164 ಜೀನ್‌ಗಳು ಕಳೆದುಹೋಗಿದ್ದವು, ಕೆಟ್ಟ ಸಿಎಕ್ಸ್‌ಸಿಆರ್4 ಕೂಡ ಅವುಗಳ ಜೊತೆ ಹೋಗಿತ್ತು. ಆ ಒಂದು ಕೋಶದ ಸಂತತಿಯೇ ಮಜ್ಜೆಯಲ್ಲಿ ಬೆಳೆದು ಆಕೆಗೆ ನ್ಯೂಟ್ರೋಫಿಲ್ ಕೊಡುತ್ತಿತ್ತು. 2015ರಲ್ಲಿ ಈ ವರದಿ ಪ್ರಕಟವಾಯಿತು. ಆಕೆಯ ಲಿಂಫೋಸೈಟ್‌ಗಳಲ್ಲಿ ಮಾತ್ರ ಹಳೆಯ ಕೆಟ್ಟ ಜೀನ್ ಹಾಗೇ ಉಳಿದಿತ್ತು.