ತೂಕ ಇಳಿಯಿತು ಸರಿ, ಇಳಿದಿದ್ದು ಏನು?

2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ಡಾಕ್ಟರುಗಳ ಫೋಟೊ ಬಂತು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ನಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯಡ್ಕಿನ್. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಒಂದೇ, 22.3. ಆದರೆ ಮೈಯಲ್ಲಿದ್ದ ಕೊಬ್ಬು ಯಡ್ಕಿನ್ ಅವರಿಗೆ ಶೇ. 9.1, ನಮ್ಮ ಯಾಜ್ನಿಕ್ ಅವರಿಗೆ ಶೇ. 21.2!

ನಮ್ಮಲ್ಲಿ ಬಹಳ ಜನರ ಮೈ ಹೀಗೇ. ನೋಡಲು ಸಣ್ಣ, ಒಳಗೆ ಕೊಬ್ಬು ಜಾಸ್ತಿ, ಸ್ನಾಯು ಕಮ್ಮಿ. ಇಂಥವರು ಬೆಳಿಗ್ಗೆ ಜೇನು-ನಿಂಬೆ ನೀರು, ರಾತ್ರಿ ಬರೀ ಸೌತೆಕಾಯಿ ಅಂತ ಕೂತರೆ ತೂಕವೇನೋ ಇಳಿಯುತ್ತದೆ. ಬಿಸಿನೀರಿಗೆ ಕೊಬ್ಬು ಕರಗಿತು ಎಂದು ನಾಲ್ಕು ಜನಕ್ಕೆ ಹೇಳಿಯೂ ಬರುತ್ತಾರೆ. ಕರಗಿದ್ದರಲ್ಲಿ ಸ್ನಾಯುವಿನ ಪಾಲೂ ಇದೆ ಎಂದು ತಕ್ಕಡಿ ಹೇಳುವುದಿಲ್ಲವಲ್ಲ.

ಮಿದುಳಿಗೆ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು. ಕೊಬ್ಬಿನಿಂದ ಗ್ಲೂಕೋಸ್ ಹುಟ್ಟುವುದು ತೀರಾ ಕಮ್ಮಿ. ಹಾಗಾಗಿ ಉಪವಾಸದ ಮೊದಲ ದಿನಗಳಲ್ಲಿ ಯಕೃತ್ತು ಪ್ರೋಟೀನಿನ ಬಿಡಿಭಾಗಗಳಾದ ಅಮೈನೋ ಆಮ್ಲಗಳಿಂದ ಗ್ಲೂಕೋಸ್ ಮಾಡಿಕೊಳ್ಳುತ್ತದೆ. ಅವು ಸಿಗುವ ದೊಡ್ಡ ದಾಸ್ತಾನು ಸ್ನಾಯು.

ಸ್ನಾಯು ಒಮ್ಮೆ ಕಟ್ಟಿ ಮುಗಿಸಿದ ವಸ್ತುವಲ್ಲ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುತ್ತಾರಲ್ಲ, ಆ ಕೆಲಸ ಸ್ನಾಯುವಿನಲ್ಲಿ ದಿನವೂ ನಡೆಯುತ್ತದೆ. ಹಳೆಯ ಪ್ರೋಟೀನ್ ಕಳಚುತ್ತದೆ, ಹೊಸದು ಕೂರುತ್ತದೆ. ಹೆಂಚು ತೆಗೆಯುವ ಕೆಲಸ ಹಸಿವಿನಲ್ಲೂ ನಿಲ್ಲುವುದಿಲ್ಲ. ಕೂರಿಸುವವನು ಮಾತ್ರ ಅಂಗಳದಲ್ಲಿ ಹೊಸ ಹೆಂಚು ಬಂದು ಬಿದ್ದರೆ ಮಾಡು ಹತ್ತುತ್ತಾನೆ. ಬಂದಿದೆ ಎಂದು ಕೂಗಿ ಹೇಳುವುದು ಲೂಸಿನ್ ಎಂಬ ಅಮೈನೋ ಆಮ್ಲ. ಕೂಗು ಕೇಳಿಸಿಕೊಳ್ಳುವುದು ಜೀವಕೋಶದೊಳಗಿನ ಎಂಟಾರ್ ಎಂಬ ಪ್ರೋಟೀನ್.

ಈ ಎಂಟಾರ್ ಸಿಕ್ಕ ಕತೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 1964ರಲ್ಲಿ ಕೆನಡಾದ ತಂಡವೊಂದು ಈಸ್ಟರ್ ದ್ವೀಪದಿಂದ ಮಣ್ಣು ತಂದಿತು. ಆ ಮಣ್ಣಿನ ಬ್ಯಾಕ್ಟೀರಿಯಾದಿಂದ ಮಾಂಟ್ರಿಯಲ್‌ನಲ್ಲಿ ರಾಪಮೈಸಿನ್ ಎಂಬ ಔಷಧ ಬೇರ್ಪಡಿಸಿದವರಲ್ಲಿ ಮುಖ್ಯರು ಭಾರತ ಮೂಲದ ಸುರೇನ್ ಸೆಹಗಲ್. ಲ್ಯಾಬ್ ಮುಚ್ಚಿದಾಗ ಅವರು ಆ ಬ್ಯಾಕ್ಟೀರಿಯಾವನ್ನು ಮನೆಯ ಫ್ರೀಜರಿನಲ್ಲಿಟ್ಟು ಕಾಪಾಡಿದರು. ರಾಪಮೈಸಿನ್ ಜೀವಕೋಶದಲ್ಲಿ ಏನನ್ನು ಹಿಡಿದು ನಿಲ್ಲಿಸುತ್ತದೆ ಎಂದು ಹುಡುಕುತ್ತಾ ಹೋದವರಿಗೆ ಕೊನೆಗೆ ಎಂಟಾರ್ ಸಿಕ್ಕಿತು.

ಲೂಸಿನ್ ಕೂಗು ಜೋರಾಗಿ ಕೇಳಬೇಕಾದರೆ ಒಂದು ಊಟದಲ್ಲಿ 25ರಿಂದ 30 ಗ್ರಾಂ ಒಳ್ಳೆಯ ಪ್ರೋಟೀನ್ ಇರಬೇಕು. ನಮ್ಮ ಅನ್ನ, ತಿಳಿಸಾರು, ಪಲ್ಯದ ಊಟದಲ್ಲಿ ಹತ್ತು-ಹನ್ನೆರಡು ಗ್ರಾಂ ಸಿಕ್ಕರೆ ಹೆಚ್ಚು. ಅನ್ನ ಬಿಟ್ಟು ಮುದ್ದೆ ಹಿಡಿದರೂ ಈ ಲೆಕ್ಕ ಬದಲಾಗದು. 100 ಗ್ರಾಂ ರಾಗಿಯಲ್ಲಿರುವುದು ಸುಮಾರು 7 ಗ್ರಾಂ ಪ್ರೋಟೀನ್, ಅಕ್ಕಿಯಲ್ಲಿ ಹತ್ತಿರಹತ್ತಿರ 8. ರಾಗಿಯ ಹೆಚ್ಚುಗಾರಿಕೆ ಕ್ಯಾಲ್ಸಿಯಂ ಮತ್ತು ನಾರಿನಲ್ಲಿ. ಹುರುಳಿ ಕೊಬ್ಬು ಕರಗಿಸುತ್ತದೆ ಎನ್ನುವುದೂ ಸುಮ್ನೆ ಮಾತು. ಆದರೆ ನೂರಕ್ಕೆ 22 ಗ್ರಾಂ ಪ್ರೋಟೀನ್ ಇರುವ ಹುರುಳಿಯನ್ನು ಬಿಡಬೇಡಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಆರೋಗ್ಯವಂತರಿಗೆ ಹೇಳುವುದು ದಿನಕ್ಕೆ ದೇಹತೂಕದ ಪ್ರತಿ ಕೇಜಿಗೆ 0.83 ಗ್ರಾಂ ಪ್ರೋಟೀನ್. ಕೊಬ್ಬು ಇಳಿಸುವವರಿಗೆ 1.2ರಿಂದ 1.6 ಬೇಕು. 70 ಕೇಜಿಯವರಿಗೆ ಸುಮಾರು 85ರಿಂದ 110 ಗ್ರಾಂ ಆಯಿತು. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು.

ಇಷ್ಟು ಪ್ರೋಟೀನ್ ನಮ್ಮ ಅಡುಗೆಮನೆಯಲ್ಲೇ ಸಿಗುತ್ತದೆ. ಬೆಳಿಗ್ಗೆ ಹೆಸರುಕಾಳಿನ ದೋಸೆ, ಜೊತೆಗೆ ಒಂದು ಲೋಟ ಹಾಲು, ಸ್ವಲ್ಪ ಪನೀರ್ ಅಥವಾ ಎರಡು ಮೊಟ್ಟೆ. ಮಧ್ಯಾಹ್ನ ಒಂದೇ ಕಪ್ ಅನ್ನ, ಗಟ್ಟಿ ಹುಳಿ, ಸೋಯಾ ಚಂಕ್ಸ್ ಪಲ್ಯ, ಮೊಸರು. ಒಣ ಸೋಯಾ ಚಂಕ್ಸ್ 40 ಗ್ರಾಂ ಹಾಕಿದರೆ ಅದೊಂದರಲ್ಲೇ 20 ಗ್ರಾಂ ಬಂತು. ಸಂಜೆ ಬಜ್ಜಿ ಬದಲು ಒಂದು ಹಿಡಿ ಹುರಿಗಡಲೆ. ರಾತ್ರಿ ಸಣ್ಣ ಮುದ್ದೆ, ಕಾಳು ಜಾಸ್ತಿ ಹಾಕಿದ ಹುರುಳಿ ಸಾರು, ಮಜ್ಜಿಗೆ, ಪನೀರ್, ತಿನ್ನುವವರಿಗೆ ಕೋಳಿ. ದಿನದಲ್ಲಿ 400-500 ಕ್ಯಾಲೊರಿ ಕಮ್ಮಿಯಾದರೆ ಸಾಕು. ಅದನ್ನು ಎಣ್ಣೆ, ಸಕ್ಕರೆ, ಎರಡನೇ ಸಲ ಬಡಿಸಿಕೊಳ್ಳುವ ಅನ್ನದಲ್ಲಿ ಕಡಿಯಿರಿ. ಬೇಳೆಯಲ್ಲಿ ಮಾತ್ರ ಕಡಿಯಬೇಡಿ.

ಊಟವೊಂದೇ ಸಾಲದು. 2016ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 40 ಯುವಕರ ಕ್ಯಾಲೊರಿಯನ್ನು ನಾಲ್ಕು ವಾರ ಶೇ. 40ರಷ್ಟು ಕಡಿದು, ಜೋರಾಗಿ ವ್ಯಾಯಾಮ ಮಾಡಿಸಿದರು. ಕೇಜಿಗೆ 2.4 ಗ್ರಾಂ ಪ್ರೋಟೀನ್ ತಿಂದವರ ಕೊಬ್ಬು 4.8 ಕೇಜಿ ಇಳಿಯಿತು, ಕೊಬ್ಬಲ್ಲದ ತೂಕ 1.2 ಕೇಜಿ ಏರಿತು. 1.2 ಗ್ರಾಂ ತಿಂದವರ ಕೊಬ್ಬು 3.5 ಕೇಜಿ ಇಳಿಯಿತು, ಕೊಬ್ಬಲ್ಲದ ತೂಕ ಹೆಚ್ಚುಕಮ್ಮಿ ಇದ್ದಷ್ಟೇ ಉಳಿಯಿತು. ಅಂದರೆ ಅರೆಹೊಟ್ಟೆಯಲ್ಲೂ ಈ ಗುಂಪಿನ ಸ್ನಾಯು ಕರಗಲಿಲ್ಲ. ಅದರಲ್ಲಿ ವ್ಯಾಯಾಮದ ಪಾಲು ದೊಡ್ಡದು.

ನಾವು ಅಷ್ಟು ಬೆವರಬೇಕಿಲ್ಲ. ಆದರೆ ವಾಕಿಂಗ್ ಒಂದರಿಂದ ಸ್ನಾಯು ಉಳಿಯದು, ಭಾರ ಬೀಳಬೇಕು. ಜಿಮ್ ದೂರವಿದ್ದರೆ ಗರಡಿಮನೆಯ ದಂಡ, ಬಸ್ಕಿ ಸಾಕು, ವಾರಕ್ಕೆ ಮೂರು ದಿನ. ಹದಿನೈದು ಬಸ್ಕಿ ಸಲೀಸಾಯಿತೋ, ಐದು ಕೇಜಿ ಅಕ್ಕಿಯನ್ನು ಚೀಲಕ್ಕೆ ಹಾಕಿ ಬೆನ್ನಿಗೇರಿಸಿಕೊಳ್ಳಿ.