ಹಾರ್ಮೋನ್ ಬದಲು ಗಿಡಮೂಲಿಕೆ: ಈ ನಂಬಿಕೆ ಎಲ್ಲಿಂದ ಬಂತು?

ಟ್ರಾನ್ಸ್ ಮಹಿಳೆಯರಿಗೆ, ಅಂದರೆ ಹುಟ್ಟಿದಾಗ ಗಂಡು ಎಂದು ಗುರುತಿಸಿದ್ದರೂ ತಾವು ಹೆಣ್ಣು ಎಂದು ತಿಳಿದವರಿಗೆ, ಹಾರ್ಮೋನ್ ಬದಲು ಗಿಡಮೂಲಿಕೆಯೇ ಸಾಕು ಎಂಬ ಮಾತಿದೆ. ಅದನ್ನು ಪರೀಕ್ಷಿಸಲು ಒಂದು ಹಳೆಯ ಕಥೆಯಿಂದ ಶುರು ಮಾಡೋಣ. 1996ರಲ್ಲಿ ಅಮೆರಿಕದ ಮಾರುಕಟ್ಟೆಗೆ ಪಿಸಿ-ಸ್ಪೆಸ್ ಎಂಬ ಕ್ಯಾಪ್ಸೂಲ್ ಬಂತು. ಇದು ಎಂಟು ಗಿಡಮೂಲಿಕೆಗಳ ಮಿಶ್ರಣ ಎಂದು ತಯಾರಕರು ಹೇಳುತ್ತಿದ್ದರು. ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ ಗಂಡಸರು ಇದನ್ನು ತೆಗೆದುಕೊಳ್ಳುತ್ತಿದ್ದರು. 1998ರಲ್ಲಿ ವೈದ್ಯರು ಅಂಥ ಎಂಟು ಜನರನ್ನು ಪರೀಕ್ಷೆ ಮಾಡಿದರು. ಗಂಡಸರ ಮುಖ್ಯ ಹಾರ್ಮೋನ್ ಆದ ಟೆಸ್ಟೋಸ್ಟಿರಾನ್ ಅಳೆದವರಲ್ಲೆಲ್ಲ ಅದು ಇಳಿದಿತ್ತು. ಎಂಟೂ ಜನರಿಗೆ ಸ್ತನಗಳಲ್ಲಿ ನೋವು ಶುರುವಾಗಿತ್ತು, ಲೈಂಗಿಕ ಆಸಕ್ತಿ ಕುಗ್ಗಿತ್ತು. ಒಬ್ಬರಿಗೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು.

ಹೆಣ್ಣಿನ ಹಾರ್ಮೋನ್ ಆದ ಈಸ್ಟ್ರೋಜನ್ ಕೊಟ್ಟಾಗ ಆಗುವುದೂ ಇದೇ. ಹಾಗಾದರೆ ಗಿಡಮೂಲಿಕೆಯೇ ಈ ಕೆಲಸ ಮಾಡುತ್ತದಲ್ಲಾ ಅಂತ ಯಾರಿಗಾದರೂ ಅನ್ನಿಸುತ್ತದೆ. 2002ರಲ್ಲಿ ನಿಜ ಹೊರಬಿತ್ತು. ಹಲವು ಬ್ಯಾಚ್‌ಗಳ ಕ್ಯಾಪ್ಸೂಲ್‌ಗಳಲ್ಲಿ ಡೈಈಥೈಲ್‌ಸ್ಟಿಲ್‌ಬೆಸ್ಟ್ರಾಲ್ ಸಿಕ್ಕಿತು. ಇದು 1938ರಲ್ಲಿ ಬ್ರಿಟನ್ನಿನಲ್ಲಿ ತಯಾರಾದ ಕೃತಕ ಈಸ್ಟ್ರೋಜನ್. ಜೊತೆಗೆ ನೋವಿನ ಔಷಧಿ ಇತ್ತು, ರಕ್ತ ತೆಳುವಾಗಿಸುವ ವಾರ್ಫರಿನ್ ಕೂಡ ಇತ್ತು. ಡಬ್ಬಿಯ ಮೇಲೆ ಇವು ಯಾವುದರ ಹೆಸರೂ ಇರಲಿಲ್ಲ. ಅದೇ ವರ್ಷ ಅದನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡರು.

ಟ್ರಾನ್ಸ್ ಮಹಿಳೆಯರಿಗೆ ಗಿಡಮೂಲಿಕೆ ಮಾರುವವರ ಮಾತು ಕೇಳಿದಾಗಲೆಲ್ಲ ನನಗೆ ಈ ಕಥೆ ನೆನಪಾಗುತ್ತದೆ. ಹೆಣ್ತನದ ಹಾರ್ಮೋನ್ ಚಿಕಿತ್ಸೆಯಲ್ಲಿ ಆಗಬೇಕಾದ ಕೆಲಸ ಎರಡು. ದೇಹದ ಮುಖ್ಯ ಈಸ್ಟ್ರೋಜನ್ ಆದ ಈಸ್ಟ್ರಡಯಾಲ್ ಏರಬೇಕು, ಟೆಸ್ಟೋಸ್ಟಿರಾನ್ ಇಳಿಯಬೇಕು. ವಯಸ್ಕ ಗಂಡಸರ ರಕ್ತದಲ್ಲಿ ಟೆಸ್ಟೋಸ್ಟಿರಾನ್ ಪ್ರತಿ ಡೆಸಿಲೀಟರ್‌ಗೆ ಸುಮಾರು 300ರಿಂದ 1,000 ನ್ಯಾನೋಗ್ರಾಂ ಇರುತ್ತದೆ. ಚಿಕಿತ್ಸೆಯಲ್ಲಿ ಅದನ್ನು 50ಕ್ಕಿಂತ ಕೆಳಗೆ ತರಬೇಕು. ಈಸ್ಟ್ರಡಯಾಲ್ ಪ್ರತಿ ಮಿಲಿಲೀಟರ್‌ಗೆ 100ರಿಂದ 200 ಪಿಕೋಗ್ರಾಂ ಇರಬೇಕು. ಇಷ್ಟಾದ ಮೇಲೂ ಸ್ತನ ಬೆಳೆಯಲು ಶುರುವಾಗುವುದು 3ರಿಂದ 6 ತಿಂಗಳಿಗೆ. ಪೂರ್ತಿ ಬೆಳೆಯಲು 2–3 ವರ್ಷ ಬೇಕು. ಯಾವುದೇ ಗಿಡದ ಬಗ್ಗೆ ಕೇಳಬೇಕಾದ ಪ್ರಶ್ನೆಯೂ ಇದೇ: ರಕ್ತದಲ್ಲಿ ಈ ಅಳತೆಗಳು ಬದಲಾಗುತ್ತವೆಯೇ?

ಗಿಡದಲ್ಲೂ ಈಸ್ಟ್ರೋಜನ್ ಥರ ಕೆಲಸ ಮಾಡುವ ವಸ್ತು ಇದೆ ಅನ್ನುವುದು ಸುಳ್ಳಲ್ಲ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1940ರ ದಶಕದಲ್ಲಿ ಹೆಣ್ಣು ಕುರಿಗಳು ಗರ್ಭ ಕಟ್ಟುವುದೇ ಕಡಿಮೆಯಾಯಿತು. ಹುಡುಕಿದಾಗ ಕಾರಣ ಸಿಕ್ಕಿದ್ದು ಅವು ಮೇಯುತ್ತಿದ್ದ ಕ್ಲೋವರ್ ಎಂಬ ಮೇವಿನಲ್ಲಿ. ಅದರಲ್ಲಿದ್ದ ಐಸೋಫ್ಲೇವೋನ್‌ಗಳು ಕುರಿಯ ಹೊಟ್ಟೆಯಲ್ಲಿ ಈಸ್ಟ್ರೋಜನ್ ಗುಣದ ಈಕ್ವಾಲ್ ಆಗಿ ಬದಲಾಗುತ್ತಿದ್ದವು. ಸೋಯಾದಲ್ಲಿರುವುದೂ ಇದೇ ಗುಂಪಿನ ವಸ್ತುಗಳು. ಆದರೆ ಕುರಿ ದಿನವಿಡೀ ಅದನ್ನೇ ಮೇಯುತ್ತದೆ, ಅದರ ಜೀರ್ಣಾಂಗವೂ ಬೇರೆ. ಸೋಯಾದ ಐಸೋಫ್ಲೇವೋನ್ ನಮ್ಮದೇ ಈಸ್ಟ್ರಡಯಾಲ್‌ಗಿಂತ ನೂರಾರು ಪಟ್ಟು ದುರ್ಬಲ. ಗಂಡಸರ ಮೇಲೆ ನಡೆದ ಅಧ್ಯಯನಗಳನ್ನು 2010ರಲ್ಲಿ ಒಮ್ಮೆ, 2021ರಲ್ಲಿ ಇನ್ನೊಮ್ಮೆ ಒಟ್ಟಿಗೆ ಇಟ್ಟು ನೋಡಿದರು. ಸೋಯಾ ತಿಂದವರಲ್ಲಿ ಟೆಸ್ಟೋಸ್ಟಿರಾನ್ ಬದಲಾಗಿರಲಿಲ್ಲ.

ಕಾಡುಗೆಣಸಿನ ಕಥೆ ಇನ್ನೂ ಸ್ವಾರಸ್ಯದ್ದು. 1940ರ ದಶಕದಲ್ಲಿ ರಸೆಲ್ ಮಾರ್ಕರ್ ಎಂಬ ರಸಾಯನ ವಿಜ್ಞಾನಿ ಮೆಕ್ಸಿಕೋದ ಕಾಡುಗೆಣಸಿನಲ್ಲಿದ್ದ ಡಯೋಸ್ಜೆನಿನ್ ಎಂಬ ವಸ್ತುವಿನಿಂದ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹೆಣ್ಣಿನ ಹಾರ್ಮೋನ್ ತಯಾರಿಸಿದರು. ಹಾರ್ಮೋನ್‌ಗಳು ಅಗ್ಗವಾಗಲು ಇದೇ ದಾರಿ ಮಾಡಿಕೊಟ್ಟಿತು. ಆ ಬದಲಾವಣೆ ನಡೆಯುವುದು ಲ್ಯಾಬ್‌ನಲ್ಲಿ, ಒಂದಾದ ಮೇಲೊಂದು ರಾಸಾಯನಿಕ ಹಂತದಲ್ಲಿ. ನಮ್ಮ ದೇಹಕ್ಕೆ ಅದು ಬರುವುದಿಲ್ಲ. ಆದರೂ ಕಾಡುಗೆಣಸಿನ ಕ್ರೀಮ್ ಇವತ್ತಿಗೂ ‘ನೈಸರ್ಗಿಕ ಪ್ರೊಜೆಸ್ಟರಾನ್’ ಅಂತ ಮಾರಾಟವಾಗುತ್ತದೆ. ಇನ್ನು ವೈದ್ಯರು ಕೊಡುವ ಈಸ್ಟ್ರಡಯಾಲ್ ಇದೆಯಲ್ಲಾ, ಅದನ್ನೂ ಹೆಚ್ಚಾಗಿ ಸೋಯಾ, ಗೆಣಸಿನಂಥ ಗಿಡಗಳಿಂದ ತೆಗೆದ ವಸ್ತುವಿನಿಂದಲೇ ಮಾಡುತ್ತಾರೆ. ವ್ಯತ್ಯಾಸ ಇಷ್ಟೇ, ಆ ವಸ್ತುವನ್ನು ಲ್ಯಾಬ್‌ನಲ್ಲಿ ಹಾರ್ಮೋನ್ ಆಗಿ ಬದಲಿಸಿರುತ್ತಾರೆ, ಎಷ್ಟಿದೆ ಅಂತ ಅಳೆದಿರುತ್ತಾರೆ.

ಥಾಯ್ಲೆಂಡಿನ ಪ್ಯುರೇರಿಯಾ ಮಿರಿಫಿಕಾ ಗೆಡ್ಡೆಯನ್ನು ಮಾತ್ರ ಹಗುರವಾಗಿ ನೋಡುವಂತಿಲ್ಲ. ಅದರಲ್ಲಿರುವ ಮಿರೋಈಸ್ಟ್ರಾಲ್ ಸೋಯಾದ ವಸ್ತುಗಳಿಗಿಂತ ಎಷ್ಟೋ ಜಾಸ್ತಿ ಬಲದ್ದು. ಸ್ತನ ಬೆಳೆಸುವ ಮಾತ್ರೆಗಳಲ್ಲಿ ಇದರ ಹೆಸರೇ ಹೆಚ್ಚು ಕಾಣುತ್ತದೆ. ಆದರೆ ಗೆಡ್ಡೆಯಿಂದ ಗೆಡ್ಡೆಗೆ ಆ ವಸ್ತುವಿನ ಪ್ರಮಾಣ ಬದಲಾಗುತ್ತದೆ. ಇದರ ಅಧ್ಯಯನಗಳು ಹೆಚ್ಚಾಗಿ ನಡೆದಿರುವುದು ಮುಟ್ಟು ನಿಂತ ಮಹಿಳೆಯರ ಮೇಲೆ. ಅವರ ದೇಹದಲ್ಲಿ ತಗ್ಗಿಸಬೇಕಾದಷ್ಟು ಟೆಸ್ಟೋಸ್ಟಿರಾನ್ ಇರುವುದೇ ಇಲ್ಲ. ಅದು ಪರಿಣಾಮ ಬೀರುವಷ್ಟು ಬಲದ್ದಾಗಿದ್ದರೆ ಈಸ್ಟ್ರೋಜನ್‌ನ ಅಪಾಯಗಳೂ ಜೊತೆಗೇ ಬರುತ್ತವೆ.

ಟೆಸ್ಟೋಸ್ಟಿರಾನ್ ಇಳಿಸಲು ಜನ ಹೆಸರಿಸುವುದು ಜ್ಯೇಷ್ಠಮಧು, ಪುದೀನ ಚಹಾ, ಸಾ ಪಾಮೆಟೊ ಎಂಬ ತಾಳೆ ಜಾತಿಯ ಗಿಡ. ಪುದೀನದ ಬಗ್ಗೆ ಇರುವುದು ಮುಖದ ಮೇಲೆ ಕೂದಲು ಬೆಳೆಯುವ ತೊಂದರೆ ಇದ್ದ ಮಹಿಳೆಯರ ಮೇಲೆ ನಡೆದ ಸಣ್ಣ ಅಧ್ಯಯನಗಳು. ಸಾ ಪಾಮೆಟೊ ರಕ್ತದ ಟೆಸ್ಟೋಸ್ಟಿರಾನ್ ಇಳಿಸುವುದಿಲ್ಲ. ಜ್ಯೇಷ್ಠಮಧು ಸ್ವಲ್ಪ ಇಳಿಸುತ್ತದೆ ಎಂದು 1999ರ ಒಂದು ಪುಟ್ಟ ಅಧ್ಯಯನ ಹೇಳಿತ್ತು. ನಂತರ ಅಷ್ಟು ಪರಿಣಾಮ ಕಾಣಲಿಲ್ಲ. ಆದರೆ ಜಾಸ್ತಿ ದಿನ ತಿಂದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಕುಸಿಯುತ್ತದೆ, ಹೃದಯದ ಬಡಿತ ತಪ್ಪಬಹುದು. ಇದು ಮಾತ್ರ ಚೆನ್ನಾಗಿ ಗೊತ್ತಿರುವ ಸಂಗತಿ.

ಇಷ್ಟಿದ್ದರೂ ಜನ ಗಿಡಮೂಲಿಕೆಯ ಕಡೆ ಯಾಕೆ ಹೋದರು? ಸುಮ್ನೆ ಹೋಗಲಿಲ್ಲ. ಹಾರ್ಮೋನ್ ಬೇಕೆಂದರೆ ಮನೋವೈದ್ಯರ ಪತ್ರ ತರಬೇಕು, ತಾನು ಹೆಣ್ಣು ಅಂತ ಪರರಿಗೆ ಸಾಬೀತು ಮಾಡಬೇಕು ಎಂಬ ಕಾಲ ದೀರ್ಘವಾಗಿತ್ತು. ಎಷ್ಟೋ ಕಡೆ ಅದು ಇನ್ನೂ ಮುಗಿದಿಲ್ಲ. ಮನೆಯವರಿಗೆ ತಿಳಿಯುತ್ತದೆಂಬ ಭಯ ಬೇರೆ. ಔಷಧಿಗಳ ಬಗ್ಗೆ ಇದ್ದ ಹೆದರಿಕೆಗೂ ಆಧಾರ ಇತ್ತು. ಹಿಂದೆ ಕೊಡುತ್ತಿದ್ದ ಈಥಿನೈಲ್ ಈಸ್ಟ್ರಡಯಾಲ್ ಎಂಬ ಕೃತಕ ಈಸ್ಟ್ರೋಜನ್‌ನಿಂದ ರಕ್ತ ಹೆಪ್ಪುಗಟ್ಟುವುದು ಹೆಚ್ಚು ಎಂದು ನೆದರ್ಲೆಂಡ್ಸ್‌ನ ವೈದ್ಯರು ಕಂಡುಕೊಂಡರು. ಆಮೇಲೆ ಅದನ್ನು ಈ ಚಿಕಿತ್ಸೆಯಿಂದ ಕೈಬಿಟ್ಟರು. ಈಗ ಕೊಡುವುದು ದೇಹದಲ್ಲೇ ಇರುವಂಥ ಈಸ್ಟ್ರಡಯಾಲ್. ಅಪಾಯ ಜಾಸ್ತಿ ಇರುವವರಿಗೆ ಚರ್ಮದ ಮೇಲೆ ಅಂಟಿಸುವ ಪ್ಯಾಚ್ ಕೊಡುತ್ತಾರೆ. ಅಳೆದು, ತಪ್ಪು ಕಂಡು, ಔಷಧಿ ಬದಲಿಸಿದ ಈ ಕೆಲಸ ಗಿಡಮೂಲಿಕೆ ಮಾತ್ರೆಗಳ ವಿಷಯದಲ್ಲಿ ನಡೆಯಲೇ ಇಲ್ಲ. ಅಮೆರಿಕದಲ್ಲಿ 1994ರ ಕಾನೂನು ಬಂದ ಮೇಲೆ ಇಂಥ ಪೂರಕಗಳನ್ನು ಮಾರಲು ಮೊದಲೇ ಪರಿಣಾಮ ಸಾಬೀತು ಮಾಡಬೇಕಿರಲಿಲ್ಲ.

ಈಗಾಗಲೇ ತೆಗೆದುಕೊಳ್ಳುತ್ತಿರುವವರನ್ನು ಬೈಯುವುದರಿಂದ ಏನೂ ಸಿಗುವುದಿಲ್ಲ. ಡಬ್ಬಿಯನ್ನೇ ವೈದ್ಯರಿಗೆ ತೋರಿಸಿ, ಹಾರ್ಮೋನ್ ಮಟ್ಟ, ಲಿವರ್, ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ. ಬ್ಲ್ಯಾಕ್ ಕೋಹೋಶ್ ಎಂಬ ಗಿಡಮೂಲಿಕೆ ತೆಗೆದುಕೊಂಡ ಕೆಲವರಿಗೆ ಲಿವರ್ ಹಾನಿಯಾದ ವರದಿಗಳಿವೆ. ಹಾರ್ಮೋನ್ ಚಿಕಿತ್ಸೆಯ ಜೊತೆ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ಬೇಡ, ಅದು ಈಸ್ಟ್ರೋಜನ್ ಬೇಗ ಕರಗಿಹೋಗುವಂತೆ ಮಾಡಬಹುದು. ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಕಣ್ಣು ಹಳದಿಯಾದರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ, ಏನು ನುಂಗುತ್ತಿದ್ದೀರಿ ಅಂತ ಮುಚ್ಚಿಡದೆ ಹೇಳಿ.