ಬೀದಿ ಕಲಾವಿದರಿಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ?

ಪ್ರಶ್ನೆ: ನಗರದ ಗೋಡೆಗಳ ಮೇಲೆ ಚಿತ್ರ ಬಿಡಿಸುವ ಇಂದಿನ ಕಲಾವಿದರಿಗೆ ಸ್ಫೂರ್ತಿ ಯಾವುದು? ವ್ಯವಸ್ಥೆಯ ಮೇಲಿನ ಸಿಟ್ಟಿನಲ್ಲಿ ಆ ಕ್ಷಣಕ್ಕೆ ತೋಚಿದ್ದನ್ನು ಬಿಡಿಸುತ್ತಾರೆ ಎನ್ನುವುದು ನಿಜವೇ?

ಈ ಪ್ರಶ್ನೆಯ ಎರಡನೆಯ ಭಾಗ ಮಾತು ಬದಲಿಸಿಕೊಂಡು ನನ್ನ ಬಳಿಗೆ ಎಷ್ಟೋ ಸಲ ಬಂದಿದೆ. ಪ್ರತಿ ಸಲವೂ ನಿಜವಲ್ಲ ಎಂದೇ ಹೇಳಿದ್ದೇನೆ. ಈ ಸಲ ತುಸು ಉದ್ದವಾಗಿ ಹೇಳುತ್ತೇನೆ, ಮುಂದೆ ಯಾರಾದರೂ ಕೇಳಿದರೆ ಇದನ್ನೇ ತೋರಿಸುವುದಕ್ಕಾಗುವಂತೆ.

ಮೊದಲ ಭಾಗದ ಉತ್ತರ ಸರಳ. ಬೀದಿ ಕಲಾವಿದರ ಹೆಚ್ಚಿನ ಸ್ಫೂರ್ತಿ ಅವರು ನಿಂತ ಜಾಗದಿಂದಲೇ ಹುಟ್ಟುತ್ತದೆ. ಗೋಡೆ ಯಾರದ್ದು, ಅದರ ಮೇಲೆ ಮೊದಲು ಏನಿತ್ತು, ಅಲ್ಲಿ ಎಷ್ಟು ಹೊತ್ತು ನಿಲ್ಲಬಹುದು, ಕೈಗೆಟಕುವ ಬಣ್ಣ ಯಾವುದು, ದಿನವೂ ಅದರೆದುರು ನಡೆದುಹೋಗುವವರು ಯಾರು ಎಂಬ ಸಂಗತಿಗಳೇ ಚಿತ್ರದ ಆಕಾರವನ್ನು ತೀರ್ಮಾನಿಸುತ್ತವೆ.

ಗೊಂದಲವಿರುವುದು ಎರಡನೆಯ ಭಾಗದಲ್ಲಿ. ಕಲಾವಿದನಿಗೆ ರಾತ್ರಿ ರೋಷ ಉಕ್ಕುತ್ತದೆ, ಸ್ಪ್ರೇ ಡಬ್ಬಿ ಹಿಡಿದು ಹೊರಡುತ್ತಾನೆ, ಬೆಳಗಾಗುವಷ್ಟರಲ್ಲಿ ನಾಲ್ಕು ಅಂತಸ್ತಿನ ಮುಖವೊಂದು ಗೋಡೆಯಿಂದ ನಮ್ಮನ್ನು ನೋಡುತ್ತಿರುತ್ತದೆ ಎಂದು ಜನ ಮನಸಾರೆ ನಂಬಿದ್ದಾರೆ. ಈ ನಂಬಿಕೆ ಬೆಳೆಯುವುದರಲ್ಲಿ ಮೊಬೈಲಿನಲ್ಲಿ ಓಡುವ ವಿಡಿಯೊಗಳ ಪಾಲು ದೊಡ್ಡದು. ವಾರಗಟ್ಟಲೆ ನಡೆದ ಕೆಲಸವನ್ನು ಅರ್ಧ ನಿಮಿಷಕ್ಕೆ ಕುಗ್ಗಿಸಿ ತೋರಿಸಿದಾಗ ಅಳೆದದ್ದು, ಅಳಿಸಿದ್ದು, ಮಳೆ ನಿಲ್ಲಲೆಂದು ಕಾದದ್ದು, ರಸ್ತೆಯ ಆಚೆ ಬದಿಗೆ ಹೋಗಿ ನೋಡಿ ಬಂದು ಮತ್ತೆ ತಿದ್ದಿದ್ದು ಯಾವುದೂ ಕಾಣುವುದಿಲ್ಲ. ಚಿತ್ರ ತಾನಾಗಿಯೇ ಮೂಡಿದಂತೆ ಕಾಣುತ್ತದೆ.

ದೊಡ್ಡ ಭಿತ್ತಿಚಿತ್ರ ನಿಜಕ್ಕೂ ಹೇಗಾಗುತ್ತದೆ ನೋಡಿ. ಮೊದಲು ಕಟ್ಟಡದ ಮಾಲೀಕರ ಒಪ್ಪಿಗೆ ಬೇಕು, ಅನೇಕ ನಗರಗಳಲ್ಲಿ ಆಡಳಿತದ್ದೂ ಬೇಕು. ಬಳಿಕ ಗೋಡೆಯ ಫೋಟೊ ತೆಗೆದು, ಕಿಟಕಿ, ಕೊಳವೆ, ಬಿರುಕುಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು ನಕ್ಷೆ ಸಿದ್ಧಪಡಿಸುತ್ತಾರೆ. ಅದನ್ನು ಗೋಡೆಯ ಅಳತೆಗೆ ಹಿಗ್ಗಿಸಲು ಕೆಲವರು ಚೌಕಗಳನ್ನು ಎಳೆಯುತ್ತಾರೆ. ಇನ್ನು ಕೆಲವರು ಗೋಡೆ ತುಂಬ ಅರ್ಥವಿಲ್ಲದ ಅಕ್ಷರ, ಸುರುಳಿ, ಗೀಟುಗಳನ್ನು ಗೀಚುತ್ತಾರೆ. ದಾರಿಹೋಕರು ಇದನ್ನು ಕಂಡೇ ‘ತೋಚಿದ್ದು ಗೀಚುತ್ತಿದ್ದಾರೆ’ ಎಂದುಕೊಳ್ಳುವುದು. ವಾಸ್ತವದಲ್ಲಿ ಅದು ಅಳತೆಯ ವಿಧಾನ. ಗೀಚಿದ ಗೋಡೆಯ ಫೋಟೊದ ಮೇಲೆ ತಮ್ಮ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಹೊಂದಿಸಿ, ಮೂಗಿನ ತುದಿ ಯಾವ ಸುರುಳಿಯ ಪಕ್ಕ ಬರಬೇಕು, ತುಟಿ ಯಾವ ಅಕ್ಷರದ ಕೆಳಗಿರಬೇಕು ಎಂದು ಗುರುತಿಟ್ಟುಕೊಳ್ಳುತ್ತಾರೆ. ಎತ್ತರದ ಲಿಫ್ಟಿನ ಮೇಲೆ ನಿಂತವರಿಗೆ ಎದುರಿಗೆ ಕಾಣುವುದು ಒಂದು ಕೆನ್ನೆಯ ತುಣುಕು ಮಾತ್ರ. ಗುರುತುಗಳಿಲ್ಲದಿದ್ದರೆ ಕಣ್ಣು ಕಿವಿಯ ಮೇಲೆ ಹೋಗಿ ಕೂರುತ್ತದೆ. ಬ್ರೆಜಿಲ್‌ನ ಎಡ್ವಾರ್ಡೊ ಕೋಬ್ರಾ 2016ರ ಒಲಿಂಪಿಕ್ಸ್ ಹೊತ್ತಿಗೆ ರಿಯೊದಲ್ಲಿ ಸುಮಾರು 3,000 ಚದರ ಮೀಟರ್ ಗೋಡೆಯ ಮೇಲೆ ಐದು ಖಂಡಗಳ ಐದು ಮುಖಗಳನ್ನು ಬಿಡಿಸಿದರು. ಅಷ್ಟು ದೊಡ್ಡ ಕೆಲಸ ಕ್ಷಣದ ಆವೇಶದಲ್ಲಿ ಆಗುವಂಥದ್ದಲ್ಲ.

ಇಷ್ಟು ಹೇಳಿದ ಮೇಲೆ ‘ಅದು ಅನುಮತಿ ಪಡೆದವರ ಮಾತಾಯಿತು, ಕದ್ದುಮುಚ್ಚಿ ಬರೆಯುವವರು ಹಾಗಲ್ಲವಲ್ಲ’ ಎಂಬ ವಾದ ಬಂದೇ ಬರುತ್ತದೆ. ಅವರು ಇನ್ನೂ ಹೆಚ್ಚು ಯೋಜನೆ ಮಾಡುತ್ತಾರೆ! ಸಮಯ ಕಡಿಮೆಯಿದ್ದಷ್ಟೂ ತಯಾರಿ ಹೆಚ್ಚು ಬೇಕು. 1979ರಿಂದ 1985ರವರೆಗೆ ನ್ಯೂಯಾರ್ಕಿನ ರೈಲುಗಳ ಮೇಲೆ ಬರೆದ ಲೇಡಿ ಪಿಂಕ್ ಅವರ ಪೀಳಿಗೆಯವರು ದಪ್ಪ ರಟ್ಟಿನ ಪುಸ್ತಕಗಳಲ್ಲಿ ಅಕ್ಷರಗಳ ತಿರುವುಗಳನ್ನು ಬಣ್ಣಸಮೇತ ಅಭ್ಯಾಸ ಮಾಡಿಕೊಂಡು, ಯಾವ ರೈಲು ಎಲ್ಲಿ ಯಾವಾಗ ನಿಲ್ಲುತ್ತದೆ ಎಂದು ತಿಳಿದುಕೊಂಡು ಹೋಗುತ್ತಿದ್ದರು. ನಿಜನಾಮ ಬಿಟ್ಟುಕೊಡದ ಬ್ರಿಟನ್ನಿನ ಬೀದಿ ಕಲಾವಿದ ಬ್ಯಾಂಕ್ಸಿಯ ಕೊರೆದ ಅಚ್ಚಿನ (ಸ್ಟೆನ್ಸಿಲ್) ಶೈಲಿ ಹುಟ್ಟಿದ್ದೂ ಸಮಯದ ಒತ್ತಡದಿಂದ. ಪೊಲೀಸರಿಂದ ತಪ್ಪಿಸಿಕೊಂಡು ಲಾರಿಯೊಂದರ ಅಡಿಯಲ್ಲಿ ಅವಿತಿದ್ದಾಗ ಅದರ ತಳದಲ್ಲಿ ಅಚ್ಚಿನಿಂದ ಮೂಡಿಸಿದ ಅಕ್ಷರಗಳನ್ನು ಕಂಡೆ, ಹೀಗೆ ಮಾಡಿದರೆ ಬಣ್ಣ ಹಚ್ಚುವ ಹೊತ್ತು ಎಷ್ಟೋ ಉಳಿಯುತ್ತದೆ ಎಂದು ಹೊಳೆಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಅಂದ ಮೇಲೆ ಹಾಳೆಯ ಮೇಲೆ ಚಿತ್ರ ಬರೆದು, ಕತ್ತರಿಸಿ ಅಚ್ಚು ಮಾಡುವ ನಿಧಾನದ ಕೆಲಸವೆಲ್ಲ ಒಳಗೆ ಕುಳಿತು ಆಗುತ್ತದೆ. ಬೀದಿಯಲ್ಲಿ ನಡೆಯುವುದು ಕೊನೆಯ ಕೆಲವು ನಿಮಿಷ.

ಅಮೆರಿಕದ ಕಲಾವಿದ ಕೀತ್ ಹೇರಿಂಗ್ ಅವರದು ನನಗೆ ಬಹಳ ಪ್ರಿಯವಾದ ಉದಾಹರಣೆ. ನ್ಯೂಯಾರ್ಕಿನ ಸುರಂಗ ರೈಲು ನಿಲ್ದಾಣಗಳಲ್ಲಿ ಅವಧಿ ಮುಗಿದ ಜಾಹೀರಾತುಗಳ ಮೇಲೆ ಕಪ್ಪು ಕಾಗದ ಅಂಟಿಸಲಾಗಿರುತ್ತಿತ್ತು. 1980ರಿಂದ 1985ರವರೆಗೆ ಹೇರಿಂಗ್ ಅದರ ಮೇಲೆ ಬಿಳಿ ಸೀಮೆಸುಣ್ಣದಿಂದ ಬಿಡಿಸಿದರು. ಸೀಮೆಸುಣ್ಣದ ಗೆರೆಯನ್ನು ಒರೆಸಿದರೆ ಗುರುತು ಉಳಿಯುತ್ತದೆ, ಜನ ನೋಡುತ್ತಿದ್ದಾರೆ, ಪೊಲೀಸರು ಯಾವಾಗ ಬೇಕಾದರೂ ಬರಬಹುದು. ಹಾಗಾಗಿ ಗೆರೆ ಒಂದೇ ಉಸಿರಿಗೆ, ತಡವರಿಸದೆ ಸಾಗಬೇಕಿತ್ತು. ಅವರ ಚಿತ್ರಗಳ ಅಂಬೆಗಾಲಿಡುವ ಮಗು, ಬೊಗಳುವ ನಾಯಿ, ಕುಣಿಯುವ ಮನುಷ್ಯರು ಅಷ್ಟು ಸರಳವಾಗಿರುವುದಕ್ಕೆ ಕಾರಣ ಇದು. ಅವರು ಕಲಾಶಾಲೆಯಲ್ಲಿ ಕಲಿತವರು ಎಂಬುದನ್ನೂ ಸೇರಿಸುತ್ತೇನೆ, ಏಕೆಂದರೆ ‘ಇವರೆಲ್ಲ ಏನೂ ಕಲಿಯದವರು’ ಎಂಬುದು ಅದೇ ಮಿಥ್ಯೆಯ ಇನ್ನೊಂದು ಕೊಂಬೆ. 1981ರಲ್ಲಿ ಪ್ಯಾರಿಸಿನ ಗೋಡೆಗಳ ಮೇಲೆ ಇಲಿಗಳ ಅಚ್ಚು ಮೂಡಿಸಲಾರಂಭಿಸಿದ ಬ್ಲೆಕ್ ಲ ರಾ ಕೂಡ ಕಲಾಶಾಲೆಯಿಂದಲೇ ಬಂದವರು.

ಸಿಟ್ಟೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬಾದಲ್ ನಂಜುಂಡಸ್ವಾಮಿಯವರ 2019ರ ಬೆಂಗಳೂರಿನ ವಿಡಿಯೊ ನೆನಪಿಸಿಕೊಳ್ಳಿ. ಗಗನಯಾತ್ರಿಯ ಉಡುಪು ತೊಟ್ಟ ನಟರೊಬ್ಬರು ಚಂದ್ರನ ಮೇಲೆ ನಡೆಯುವಂತೆ ನಿಧಾನವಾಗಿ ಹೆಜ್ಜೆ ಇಡುತ್ತಾರೆ, ಪಕ್ಕದಲ್ಲಿ ವಾಹನ ಹಾದುಹೋದಾಗ ಅದು ಹೊಂಡ ಬಿದ್ದ ರಸ್ತೆ ಎಂದು ತಿಳಿಯುತ್ತದೆ. ಹೊಂಡಗಳನ್ನು ಕಂಡು ಸಿಟ್ಟಾಗದವರು ಯಾರಿದ್ದಾರೆ? ಅದನ್ನು ಚಂದ್ರನ ಕುಳಿಯಾಗಿ ಕಂಡದ್ದು, ರಾತ್ರಿಯ ಬೆಳಕು, ನಡಿಗೆಯ ವೇಗ, ಕ್ಯಾಮೆರಾದ ಕೋನ ಎಲ್ಲವನ್ನೂ ಹೊಂದಿಸಿದ್ದು ಕಲೆ. ಸಿಟ್ಟಿಗಿಂತ ಕೃತಜ್ಞತೆಯೇ ಎದ್ದು ಕಾಣುವ ನಗರಕಲೆಯೂ ಇದೆ. ಅಮೆರಿಕದ ಕಲಾವಿದೆ ಮಿಯರ್ಲ್ ಲೇಡರ್‌ಮನ್ ಯೂಕಲೀಸ್ ತಾಯಿಯಾದ ಮೇಲೆ ಮನೆಯ ಮುಗಿಯದ ಆರೈಕೆಯ ಕೆಲಸವನ್ನೇ ಕಲೆ ಎಂದು 1969ರಲ್ಲಿ ಘೋಷಿಸಿದರು. ಮುಂದೆ 1979–80ರಲ್ಲಿ ನ್ಯೂಯಾರ್ಕಿನ ಸುಮಾರು 8,500 ಪೌರಕಾರ್ಮಿಕರನ್ನು ಒಬ್ಬೊಬ್ಬರನ್ನಾಗಿ ಭೇಟಿಯಾಗಿ, ಕೈಕುಲುಕಿ, ನಗರವನ್ನು ಬದುಕಿಸಿದ್ದಕ್ಕೆ ಧನ್ಯವಾದ ಹೇಳಿದರು. ಆ ಕಲಾಕೃತಿಯಲ್ಲಿ ಗೋಡೆಯೂ ಇಲ್ಲ, ಬಣ್ಣವೂ ಇಲ್ಲ.

ಜಾಗವೇ ಸ್ಫೂರ್ತಿ ಎಂಬುದಕ್ಕೆ ಪೋರ್ಚುಗಲ್‌ನ ವಿಲ್ಸ್ ಒಬ್ಬರೇ ಸಾಕು. 1974ರ ಕ್ರಾಂತಿಯ ನಂತರ ಅಲ್ಲಿನ ಗೋಡೆಗಳು ರಾಜಕೀಯ ಚಿತ್ರಗಳಿಂದ ತುಂಬಿದ್ದವು, ಕಾಲಕ್ರಮದಲ್ಲಿ ಅವುಗಳ ಮೇಲೆ ಜಾಹೀರಾತುಗಳು ಪದರ ಪದರವಾಗಿ ಬಂದವು. ಅದನ್ನು ನೋಡುತ್ತ ಬೆಳೆದ ವಿಲ್ಸ್ ಗೋಡೆಗೆ ಬಣ್ಣ ಹಚ್ಚುವುದಕ್ಕಿಂತ ಅದನ್ನು ಕೆತ್ತುವುದೇ ಹೆಚ್ಚು. ಡ್ರಿಲ್, ಸುತ್ತಿಗೆ, ಕೆಲವೊಮ್ಮೆ ಸ್ಫೋಟಕಗಳಿಂದ ಗಾರೆ ಕಿತ್ತು ಒಳಗಿನ ಪದರಗಳಲ್ಲಿ ಮುಖಗಳನ್ನು ಮೂಡಿಸುತ್ತಾರೆ.

ಯಾರೂ ಕೇಳದಿದ್ದರೂ ಇಲ್ಲೊಂದು ಮಾತು ಹೇಳಬೇಕಿದೆ. ಚಿತ್ರ ಜಾಗದಿಂದ ಹುಟ್ಟಿದ್ದಾದರೆ, ಗೋಡೆಯಿಂದ ಕಿತ್ತು ಬೇರೆಡೆ ಕಾಪಾಡಬಹುದೇ? ಇಟಲಿಯ ಬ್ಲೂ ಎಂಬ ಬೀದಿ ಕಲಾವಿದ ಇದಕ್ಕೆ ಒಪ್ಪಲಿಲ್ಲ. 2016ರಲ್ಲಿ ಬೊಲೊನ್ಯಾದಲ್ಲಿ ಗೋಡೆಗಳಿಂದ ಬೇರ್ಪಡಿಸಿದ ಬೀದಿಚಿತ್ರಗಳ ಪ್ರದರ್ಶನಕ್ಕೆ ಸಿದ್ಧತೆ ನಡೆದಾಗ, ಅವರು ಆ ನಗರದಲ್ಲಿ ತಾವು ಬರೆದಿದ್ದ ಚಿತ್ರಗಳಿಗೆಲ್ಲ ಬೂದು ಬಣ್ಣ ಬಳಿದರು. ನಾನು ಅವರ ಪಕ್ಷ.

ಹಾಗೆಂದು ಯಾರು ಬೇಕಾದರೂ ಅಳಿಸಬಹುದು ಎಂದಲ್ಲ. ನ್ಯೂಯಾರ್ಕಿನ ಫೈವ್ ಪಾಯಿಂಟ್ಸ್ ಕಟ್ಟಡದ ಮಾಲೀಕರೇ ಅಲ್ಲಿ ಚಿತ್ರ ಬಿಡಿಸಲು ವರ್ಷಗಟ್ಟಲೆ ಅವಕಾಶ ಕೊಟ್ಟಿದ್ದರು. 2013ರ ನವೆಂಬರಿನಲ್ಲಿ ಕಟ್ಟಡ ಕೆಡವುವ ಮುನ್ನ, ಕಲಾವಿದರಿಗೆ ತಿಳಿಸದೆ ರಾತ್ರೋರಾತ್ರಿ ಬಿಳಿ ಬಣ್ಣ ಬಳಿಸಿದರು. 2018ರಲ್ಲಿ ನ್ಯಾಯಾಲಯ 45 ಚಿತ್ರಗಳಿಗೆ ತಲಾ 1,50,000 ಡಾಲರ್‌ನಂತೆ ಒಟ್ಟು 67.5 ಲಕ್ಷ ಡಾಲರ್ ಪರಿಹಾರ ವಿಧಿಸಿತು, 2020ರಲ್ಲಿ ಮೇಲ್ಮನವಿಯಲ್ಲೂ ಅದು ಉಳಿಯಿತು. ಕಟ್ಟಡ ಕೆಡವಿದ್ದಕ್ಕಾಗಿ ಬಂದ ತೀರ್ಪು ಇದಲ್ಲ. ಮಾಲೀಕರು ತಾಳಿದ್ದರೆ ಕಲಾವಿದರಿಗೆ ಫೋಟೊ ತೆಗೆದುಕೊಳ್ಳಲು, ಸಾಧ್ಯವಾದದ್ದನ್ನು ಉಳಿಸಿಕೊಳ್ಳಲು ಸಮಯ ಸಿಗುತ್ತಿತ್ತು ಎಂಬುದು ನ್ಯಾಯಾಧೀಶರ ಆಕ್ಷೇಪವಾಗಿತ್ತು.